ಸ್ಪರ್ಧಾ ಬಹುಮಾನ ಮತ್ತು ಉಡುಗೊರೆ ಕಾರ್ಡುಗಳ ಮೇಲಿನ ತೆರಿಗೆ

ಸ್ಪರ್ಧಾ ಬಹುಮಾನ ಮತ್ತು ಉಡುಗೊರೆ ಕಾರ್ಡುಗಳ ಮೇಲಿನ ತೆರಿಗೆ ಎಂಬುದು ಲಾಟರಿ, ಪದಬಂಧ, ಲಕ್ಕಿ ಡ್ರಾ, ಕಿರುತೆರೆಯ ರಸಪ್ರಶ್ನೆ, ವ್ಯಾಪಾರಿ ಸಂಸ್ಥೆಗಳ ಕೊಡುಗೆ ಯೋಜನೆ ಮುಂತಾದವುಗಳಿಂದ ದೊರೆಯುವ ನಗದು, ವಸ್ತು ಅಥವಾ ಕಾರ್ಡಿನ ಮೇಲೆ ಭಾರತದಲ್ಲಿ ವಿಧಿಸಲಾಗುವ ಆದಾಯ ತೆರಿಗೆ ಹಾಗೂ ಅದಕ್ಕೆ ಹೊಂದಿಕೊಂಡ ಇತರ ತೆರಿಗೆಗಳನ್ನು ಸೂಚಿಸುತ್ತದೆ. ಬಹುಮಾನ ಯಾರಿಗೆ ಬಂತು ಎಂಬುದಕ್ಕಿಂತ ಅದು ಯಾವ ದಾರಿಯಿಂದ ಬಂತು ಎಂಬುದೇ ಇಲ್ಲಿ ತೆರಿಗೆಯ ಪ್ರಮಾಣವನ್ನು ನಿರ್ಧರಿಸುತ್ತದೆ. ಒಂದೇ ಮೋಟಾರು ಬೈಕು ಸ್ನೇಹಿತನ ಉಡುಗೊರೆಯಾಗಿ ಬಂದರೆ ಒಂದು ಲೆಕ್ಕ, ಅಂಗಡಿಯ ಲಕ್ಕಿ ಡ್ರಾದಲ್ಲಿ ಬಂದರೆ ಇನ್ನೊಂದು ಲೆಕ್ಕ, ಸಿಮೆಂಟ್ ಕಂಪನಿಯು ತನ್ನ ಡೀಲರಿಗೆ ಕೊಟ್ಟರೆ ಮೂರನೆಯ ಲೆಕ್ಕ. ಈ ವ್ಯತ್ಯಾಸವೇ ತೆರಿಗೆಯ ನ್ಯಾಯಯುತತೆಯ ಕುರಿತ ಚರ್ಚೆಗೆ ಮೂಲ. ಕೃಷಿ ಆದಾಯವನ್ನೇ ನೆಚ್ಚಿಕೊಂಡಿರುವ, ಆದಾಯ ತೆರಿಗೆಯೊಂದಿಗೆ ಹೆಚ್ಚಿನ ಸಂಬಂಧವಿಲ್ಲದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂತಹ ತಾಲ್ಲೂಕುಗಳಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ.

ಇತಿಹಾಸ

ಆಕಸ್ಮಿಕವಾಗಿ ಒಮ್ಮೆ ಕೈಸೇರುವ ಹಣವನ್ನು ಆದಾಯವೆಂದು ಪರಿಗಣಿಸಬಾರದು ಎಂಬ ತತ್ತ್ವವನ್ನು ಭಾರತದ ತೆರಿಗೆ ಕಾನೂನು ಬಹುಕಾಲ ಒಪ್ಪಿಕೊಂಡಿತ್ತು. 1961ರ ಆದಾಯ ತೆರಿಗೆ ಅಧಿನಿಯಮದಲ್ಲಿಯೂ ಇಂತಹ ಗಳಿಕೆಗೆ ವಿನಾಯಿತಿ ಇತ್ತು. 1972ರ ಹಣಕಾಸು ಅಧಿನಿಯಮವು ಆದಾಯ ಎಂಬ ಪದದ ವ್ಯಾಖ್ಯೆಗೆ ಹೊಸ ಉಪಖಂಡವೊಂದನ್ನು ಸೇರಿಸಿ, ಲಾಟರಿ, ಪದಬಂಧ, ಕುದುರೆ ಪಂದ್ಯ, ಇಸ್ಪೀಟು ಮತ್ತು ಇತರ ಯಾವುದೇ ಬಗೆಯ ಆಟ, ಜೂಜು ಹಾಗೂ ಪಣದಿಂದ ಬಂದ ಗೆಲುವನ್ನು ಆದಾಯದ ವ್ಯಾಪ್ತಿಗೆ ತಂದಿತು.

ಈ ಪಟ್ಟಿಯಲ್ಲಿ ಪದಬಂಧದ ಹೆಸರು ಇರುವುದು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ 1940 ಮತ್ತು 1950ರ ದಶಕಗಳಲ್ಲಿ ಪತ್ರಿಕೆಗಳ ಪದಬಂಧ ಸ್ಪರ್ಧೆ ಪ್ರವೇಶಧನ ಪಡೆದು ದೊಡ್ಡ ಬಹುಮಾನ ನೀಡುವ ಉದ್ಯಮವಾಗಿ ಬೆಳೆದಿತ್ತು. ಅದರ ಒಂದು ಮುಖ್ಯ ಕೇಂದ್ರ ಬೆಂಗಳೂರು. ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾಗಿದ್ದ ಆರ್.ಎಂ.ಡಿ.ಸಿ. ಕಂಪನಿಯು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯ ಮೂಲಕ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪತ್ರಿಕೆಗೆ ಬೊಂಬಾಯಿ ರಾಜ್ಯದಲ್ಲಿಯೂ ವ್ಯಾಪಕ ಪ್ರಸಾರವಿದ್ದುದರಿಂದ ಆ ರಾಜ್ಯವು ಹೊರಗೆ ಮುದ್ರಣವಾಗುವ ಪತ್ರಿಕೆಗಳ ಸ್ಪರ್ಧೆಗಳಿಗೂ ತೆರಿಗೆ ವಿಧಿಸಿತು. ಕಂಪನಿ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೂಜಿನ ಸ್ವರೂಪದ ಸ್ಪರ್ಧೆಯನ್ನು ಸಂವಿಧಾನ ರಕ್ಷಿಸುವ ವ್ಯಾಪಾರವೆಂದು ಹೇಳಲಾಗದು ಎಂದು ತೀರ್ಪಿತ್ತು ತೆರಿಗೆಯನ್ನು ಎತ್ತಿಹಿಡಿಯಿತು. 1955ರ ಕೇಂದ್ರ ಅಧಿನಿಯಮವು ತಿಂಗಳೊಂದಕ್ಕೆ 1,000 ರೂ. ಮೀರಿದ ಬಹುಮಾನದ ಸ್ಪರ್ಧೆಗಳನ್ನು ನಿಷೇಧಿಸಿತು. ಇದೇ ಕಂಪನಿಯ ಇನ್ನೊಂದು ಪ್ರಕರಣದಲ್ಲಿ, ಸ್ಪರ್ಧೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಮೈಸೂರು ವಿಧಾನಮಂಡಲವು ಸಂಸತ್ತಿಗೆ ಒಪ್ಪಿಸಿದ್ದರೂ ಅವುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯದಲ್ಲೇ ಉಳಿದಿದೆ ಎಂದು 1962ರಲ್ಲಿ ನಿರ್ಣಯವಾಯಿತು.

1986ರ ಹಣಕಾಸು ಅಧಿನಿಯಮವು 115ಬಿಬಿ ಎಂಬ ಕಲಮನ್ನು ಸೇರಿಸಿ ಇಂತಹ ಗೆಲುವುಗಳಿಗೆ ಶೇ. 40ರ ಏಕರೂಪದ ದರವನ್ನು ನಿಗದಿಪಡಿಸಿತು. 2001ರಲ್ಲಿ ದರವನ್ನು ಶೇ. 30ಕ್ಕೆ ಇಳಿಸಲಾಯಿತು. ಅದೇ ವರ್ಷ, ಜನರು ಬಹುಮಾನಕ್ಕಾಗಿ ಸ್ಪರ್ಧಿಸುವ ಕಿರುತೆರೆಯ ಕಾರ್ಯಕ್ರಮಗಳೂ 'ಆಟ' ಎಂಬ ಪದದೊಳಗೆ ಸೇರುತ್ತವೆ ಎಂಬ ವಿವರಣೆಯನ್ನು ಸೇರಿಸಲಾಯಿತು. ಹಿಂದಿಯ 'ಕೌನ್ ಬನೇಗಾ ಕರೋಡ್‌ಪತಿ' ಆರಂಭವಾದದ್ದು ಅದರ ಹಿಂದಿನ ವರ್ಷ, 2000ದಲ್ಲಿ. 1961ರ ಅಧಿನಿಯಮದ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಅಧಿನಿಯಮವು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅಂಗೀಕಾರವಾಗಿದೆ. ಅದರಲ್ಲಿ ಮೂಲದಲ್ಲಿ ತೆರಿಗೆ ಕಡಿತದ ನಿಯಮಗಳನ್ನು 393ನೇ ಕಲಮಿನಲ್ಲಿ ಒಟ್ಟುಗೂಡಿಸಲಾಗಿದೆ. ಈ ಲೇಖನದಲ್ಲಿ ಹೆಚ್ಚು ಪರಿಚಿತವಾದ ಹಳೆಯ ಕಲಂ ಸಂಖ್ಯೆಗಳನ್ನೇ ಬಳಸಲಾಗಿದೆ.

ದರ ಮತ್ತು ಲೆಕ್ಕ

ಗೆಲುವಿನ ಮೊತ್ತದ ಮೇಲೆ ಮೊದಲ ರೂಪಾಯಿಯಿಂದಲೇ ಶೇ. 30ರಷ್ಟು ತೆರಿಗೆ, ತೆರಿಗೆಯ ಮೇಲೆ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಉಪಕರ ಸೇರಿ ಶೇ. 31.2 ಆಗುತ್ತದೆ. ಸಾಮಾನ್ಯ ಆದಾಯಕ್ಕೆ ದೊರೆಯುವ ಮೂಲ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ವಿಮೆ, ಭವಿಷ್ಯನಿಧಿ ಮುಂತಾದ ಹೂಡಿಕೆಗಳ ಕಡಿತವೂ ಇಲ್ಲ. ಟಿಕೆಟ್ ಕೊಂಡ ಹಣ, ಪ್ರವೇಶಧನ, ಪ್ರಯಾಣದ ವೆಚ್ಚ ಯಾವುದನ್ನೂ ಕಳೆಯಲು 58ನೇ ಕಲಮಿನ 4ನೇ ಉಪಕಲಂ ಬಿಡುವುದಿಲ್ಲ.

194ಬಿ ಕಲಮಿನ ಪ್ರಕಾರ, ಬಹುಮಾನ 10,000 ರೂ. ಮೀರಿದರೆ ಕೊಡುವವರೇ ಶೇ. 30ರಷ್ಟನ್ನು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಇದೇ ಟಿಡಿಎಸ್ ಎಂದು ರೂಢಿಯಲ್ಲಿರುವ ಮೂಲದಲ್ಲಿ ತೆರಿಗೆ ಕಡಿತ. 2010ರ ಜುಲೈಗೆ ಮುಂಚೆ ಈ ಮಿತಿ 5,000 ರೂ. ಇತ್ತು. 2025ರ ಏಪ್ರಿಲ್‌ನಿಂದ ಮಿತಿಯನ್ನು ಪ್ರತಿಯೊಂದು ವ್ಯವಹಾರಕ್ಕೆ ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಹತ್ತು ಸಾವಿರದೊಳಗಿನ ಬಹುಮಾನಕ್ಕೆ ತೆರಿಗೆಯೇ ಇಲ್ಲ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಅದಕ್ಕೆ ಕಡಿತ ಮಾತ್ರ ಇಲ್ಲ, ಗೆದ್ದವರು ವಿವರಪಟ್ಟಿಯಲ್ಲಿ ತೋರಿಸಿ ತೆರಿಗೆ ಕಟ್ಟಬೇಕಾದ ಹೊಣೆ ಹಾಗೆಯೇ ಉಳಿಯುತ್ತದೆ. ಲಾಟರಿಯಂತಹ ಗೆಲುವು ಇದ್ದವರು ಸರಳವಾದ ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ.

2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ಆರಂಭವಾದ 'ಕನ್ನಡದ ಕೋಟ್ಯಧಿಪತಿ' ಕಾರ್ಯಕ್ರಮದ ಗರಿಷ್ಠ ಬಹುಮಾನ ಒಂದು ಕೋಟಿ ರೂಪಾಯಿ. ಬೇರೆ ಆದಾಯವಿಲ್ಲದವರೊಬ್ಬರು ಇಷ್ಟು ಮೊತ್ತ ಗೆದ್ದರೆ ಈಗಿನ ದರಗಳಲ್ಲಿ ವಾಹಿನಿಯು 30 ಲಕ್ಷ ರೂ. ಕಡಿತ ಮಾಡಿ 70 ಲಕ್ಷ ರೂ. ಕೊಡುತ್ತದೆ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಐವತ್ತು ಲಕ್ಷ ಮೀರಿದ ಆದಾಯಕ್ಕೆ ತೆರಿಗೆಯ ಮೇಲೆ ಶೇ. 10ರ ಸರ್ಚಾರ್ಜ್ ಇರುವುದರಿಂದ 3 ಲಕ್ಷ, ಒಟ್ಟು 33 ಲಕ್ಷದ ಮೇಲೆ ಉಪಕರ 1.32 ಲಕ್ಷ ಸೇರಿ ತೆರಿಗೆ 34.32 ಲಕ್ಷ ರೂ. ಆಗುತ್ತದೆ. ಉಳಿದ 4.32 ಲಕ್ಷ ರೂ.ಗಳನ್ನು ಗೆದ್ದವರು ತಾವಾಗಿ ಕಟ್ಟಬೇಕು. ಸರ್ಚಾರ್ಜ್ ಮತ್ತು ಉಪಕರ ಮೂಲದಲ್ಲಿ ಕಡಿತವಾಗುವುದಿಲ್ಲ ಎಂಬುದನ್ನು ಅರಿಯದವರಿಗೆ ಮುಂದೆ ಇಲಾಖೆಯ ನೋಟಿಸು ಬಂದಾಗಲೇ ಇದು ತಿಳಿಯುತ್ತದೆ, ಅಷ್ಟರಲ್ಲಿ ಹಣ ಸಾಲ ತೀರಿಸಲೋ ಮನೆ ಕಟ್ಟಲೋ ಖರ್ಚಾಗಿರುವ ಸಂಭವವೇ ಹೆಚ್ಚು.

ವಸ್ತು ರೂಪದ ಬಹುಮಾನ

ಬೈಕು, ಫ್ರಿಜ್, ಚಿನ್ನದ ನಾಣ್ಯದಂತಹ ಬಹುಮಾನದಿಂದ ತೆರಿಗೆಯ ಪಾಲನ್ನು ಕತ್ತರಿಸಿ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ವಸ್ತುವನ್ನು ಹಸ್ತಾಂತರಿಸುವ ಮೊದಲು ತೆರಿಗೆ ಪಾವತಿಯಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವ ಹೊಣೆಯನ್ನು ಕಾನೂನು ಕೊಡುವವರ ಮೇಲೆ ಹೊರಿಸಿದೆ. ಈ ಹೊಣೆಯನ್ನು ತಪ್ಪಿಸಿದರೆ 1961ರ ಅಧಿನಿಯಮದ 276ಬಿ ಕಲಮಿನಡಿ ಜೈಲು ಶಿಕ್ಷೆಗೂ ಅವಕಾಶವಿತ್ತು.

ಒಂದು ಲಕ್ಷ ರೂ. ಬೆಲೆಯ ಬೈಕು ಗೆದ್ದವರು ಅದನ್ನು ಮನೆಗೆ ತರುವ ಮುನ್ನ 30,000 ರೂ. ಹೊಂದಿಸಬೇಕಾಗುತ್ತದೆ. ಹಬ್ಬದ ಸಾಲಿನಲ್ಲಿ ಬಟ್ಟೆ ಅಂಗಡಿಯಲ್ಲಿ ಸಾವಿರ ರೂಪಾಯಿಯ ಖರೀದಿಗೆ ಸಿಕ್ಕ ಕೂಪನ್ನಿನಿಂದ ಬೈಕು ಬಂದ ಕೂಲಿ ಕಾರ್ಮಿಕರಿಗೆ ಇದು ಸಣ್ಣ ಮೊತ್ತವಲ್ಲ. ಬಹುಮಾನವನ್ನು ಅಲ್ಲಿಯೇ ಮಾರಿ ತೆರಿಗೆ ಕಟ್ಟುವುದು ಅಥವಾ ಕಡಿಮೆ ನಗದಿಗೆ ಅಂಗಡಿಯವರಿಗೇ ಬಿಟ್ಟುಕೊಡುವುದು ಇಂತಹವರಿಗೆ ಉಳಿಯುವ ದಾರಿ. ಕೆಲವು ಸಂಸ್ಥೆಗಳು ತೆರಿಗೆಯನ್ನು ತಾವೇ ಭರಿಸುವುದಾಗಿ ಪ್ರಕಟಿಸುತ್ತವೆ. ಕರಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ 'ಷರತ್ತುಗಳು ಅನ್ವಯ' ಎಂಬ ಸಾಲಿನ ಹಿಂದೆ ಸಾಮಾನ್ಯವಾಗಿ ಅಡಗಿರುವುದು ತೆರಿಗೆಯ ಈ ಪ್ರಶ್ನೆಯೇ.

ಕೌಶಲದ ಸ್ಪರ್ಧೆ, ಕ್ರೀಡೆ ಮತ್ತು ಪ್ರಶಸ್ತಿ

ಅದೃಷ್ಟದ ಆಟಕ್ಕೂ ಸಾಮರ್ಥ್ಯದ ಸ್ಪರ್ಧೆಗೂ ವ್ಯತ್ಯಾಸವಿದೆಯೇ ಎಂಬ ಪ್ರಶ್ನೆ ಜಿ.ಆರ್. ಕಾರ್ತಿಕೇಯನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಅಖಿಲ ಭಾರತ ಹೆದ್ದಾರಿ ಮೋಟಾರು ರ‍್ಯಾಲಿಯಲ್ಲಿ ಅವರಿಗೆ ಒಟ್ಟು 22,000 ರೂ. ಬಹುಮಾನ ಬಂದಿತ್ತು. ಲಾಟರಿ, ಜೂಜುಗಳ ಉಪಖಂಡಕ್ಕೆ ಇದು ಸೇರದಿದ್ದರೂ ಆದಾಯ ಎಂಬ ಪದದ ಅರ್ಥ ವಿಶಾಲವಾದುದು, ಆದ್ದರಿಂದ ಬಹುಮಾನ ತೆರಿಗೆಗೆ ಒಳಪಡುತ್ತದೆ ಎಂದು 1993ರಲ್ಲಿ ತೀರ್ಪಾಯಿತು. ಇದರ ಫಲವಾಗಿ, ಶುದ್ಧ ಕೌಶಲದ ಸ್ಪರ್ಧೆಯ ಬಹುಮಾನವೂ ಆದಾಯವೇ. ಆದರೆ ಅದಕ್ಕೆ ಶೇ. 30ರ ವಿಶೇಷ ದರವೋ, ಗೆದ್ದವರ ಆದಾಯಕ್ಕೆ ತಕ್ಕ ಸಾಮಾನ್ಯ ದರವೋ ಎಂಬುದು ಸ್ಪರ್ಧೆಯ ಸ್ವರೂಪವನ್ನು ಅವಲಂಬಿಸಿದ ವಾದದ ವಿಷಯವಾಗಿ ಉಳಿದಿದೆ.

ಕ್ರೀಡಾಪಟುಗಳ ವಿಷಯದಲ್ಲಿ ನೇರ ತೆರಿಗೆಗಳ ಕೇಂದ್ರ ಮಂಡಳಿಯು 1986ರಲ್ಲಿ ಸುತ್ತೋಲೆಯೊಂದನ್ನು ಹೊರಡಿಸಿ, ವೃತ್ತಿಪರರಲ್ಲದ ಆಟಗಾರರಿಗೆ ಬರುವ ಪುರಸ್ಕಾರ ವೈಯಕ್ತಿಕ ಮೆಚ್ಚುಗೆಯ ಕಾಣಿಕೆಯಾಗಿದ್ದು ತೆರಿಗೆಗೆ ಒಳಪಡದು ಎಂದು ತಿಳಿಸಿತು. ರಾಜ್ಯೋತ್ಸವ ಅಥವಾ ಗಣೇಶೋತ್ಸವದ ಅಂಗವಾಗಿ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ತಂಡಗಳಿಗೆ ಸಂಬಂಧಿಸಿದ ನಿಲುವು ಇದು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟ ಮತ್ತು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಜಾನುವಾರು ಜಾತ್ರೆಗಳು ಈ ಭಾಗದಲ್ಲಿ ಹೆಸರಾದವು. ಇಂತಹ ಜಾತ್ರೆಗಳಲ್ಲಿ ಉತ್ತಮ ರಾಸುಗಳ ಮಾಲೀಕರಿಗೆ ಬಹುಮಾನ ಕೊಡುವ ವಾಡಿಕೆಯಿದೆ. ಹೋರಿಯ ಸಾಕಣೆಗೆ ಸಿಕ್ಕ ಬಹುಮಾನವನ್ನು ಚೀಟಿ ಎತ್ತಿ ಕೊಟ್ಟ ಬಹುಮಾನದೊಂದಿಗೆ ಸಮೀಕರಿಸುವುದು ಕಷ್ಟ.

ಸಾಹಿತ್ಯ, ಕಲೆ, ವಿಜ್ಞಾನಗಳ ಪ್ರಶಸ್ತಿಗಳಿಗೆ 10ನೇ ಕಲಮಿನ 17ಎ ಉಪಖಂಡದಲ್ಲಿ ಪ್ರತ್ಯೇಕ ವಿನಾಯಿತಿ ಇದೆ. ಸಾರ್ವಜನಿಕ ಹಿತಾಸಕ್ತಿಯಿಂದ ಕೇಂದ್ರ ಅಥವಾ ರಾಜ್ಯ ಸರ್ಕಾರ ಸ್ಥಾಪಿಸಿದ, ಇಲ್ಲವೇ ಬೇರೆ ಸಂಸ್ಥೆ ಸ್ಥಾಪಿಸಿ ಕೇಂದ್ರ ಸರ್ಕಾರದ ಅನುಮೋದನೆ ಪಡೆದ ಪ್ರಶಸ್ತಿಗೆ ಮಾತ್ರ ಇದು ಅನ್ವಯ. ಹಾಸನದ ಲೇಖಕಿ, ವಕೀಲೆ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದವಾದ 'ಹಾರ್ಟ್ ಲ್ಯಾಂಪ್' ಕೃತಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, 50,000 ಪೌಂಡ್‌ಗಳ ಮೊತ್ತ ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರ ನಡುವೆ ಸಮನಾಗಿ ಹಂಚಿಕೆಯಾಗುವಂಥದ್ದಾಗಿತ್ತು. ವಿದೇಶಿ ಪ್ರತಿಷ್ಠಾನಗಳು ಕೊಡುವ ಇಂತಹ ಗೌರವಗಳಿಗೂ ವಿನಾಯಿತಿಯ ಬಾಗಿಲು ಕೇಂದ್ರದ ಅನುಮೋದನೆಯೇ. ಕೃತಿಯ ಯೋಗ್ಯತೆಯನ್ನಾಗಲಿ ಪ್ರಶಸ್ತಿಯ ಘನತೆಯನ್ನಾಗಲಿ ಈ ಉಪಖಂಡ ಅಳೆಯುವುದಿಲ್ಲ.

ಡೀಲರುಗಳಿಗೆ ಕೊಡುವ ಬಹುಮಾನ

ಗೊಬ್ಬರ, ಸಿಮೆಂಟ್, ಬಣ್ಣ, ಬೀಜದ ಕಂಪನಿಗಳು ಮಾರಾಟದ ಗುರಿ ಮುಟ್ಟಿದ ಅಂಗಡಿಯವರಿಗೆ ಚಿನ್ನದ ನಾಣ್ಯ, ಟಿವಿ, ವಿದೇಶ ಪ್ರವಾಸ ಕೊಡುವುದುಂಟು. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮಿನ ಪ್ರಕಾರ, ವ್ಯಾಪಾರ ಅಥವಾ ವೃತ್ತಿಯಿಂದ ಉಂಟಾದ ಇಂತಹ ಲಾಭದ ಮೌಲ್ಯ ವರ್ಷಕ್ಕೆ 20,000 ರೂ. ಮೀರಿದರೆ ಶೇ. 10ರ ಕಡಿತ ಮಾಡಬೇಕು. ಅಂಗಡಿಯವರು ಇದನ್ನು ವ್ಯಾಪಾರದ ಆದಾಯಕ್ಕೆ ಸೇರಿಸಿ, ಖರ್ಚು ಕಳೆದು, ಸಾಮಾನ್ಯ ದರದಲ್ಲಿ ತೆರಿಗೆ ಕಟ್ಟುತ್ತಾರೆ. ಅದೇ ಅಂಗಡಿಯಲ್ಲಿ ಗೊಬ್ಬರ ಕೊಂಡ ರೈತರಿಗೆ ಲಕ್ಕಿ ಡ್ರಾದಲ್ಲಿ ಅದೇ ಟಿವಿ ಬಂದರೆ ದರ ಶೇ. 30. ಇನ್ನು ಉಚಿತವಾಗಿ ಹಂಚಲು ಕೊಂಡ ವಸ್ತುವಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಹಿಂಪಡೆಯಲು ಸಂಸ್ಥೆಗೆ ಅವಕಾಶವಿಲ್ಲ.

ಉಡುಗೊರೆ ಕಾರ್ಡುಗಳು

ನಗದಿನ ಬದಲು ಕಾರ್ಡು ಅಥವಾ ವೋಚರನ್ನು ಬಹುಮಾನವಾಗಿ ಕೊಟ್ಟರೂ ಅದರ ಮುಖಬೆಲೆ ಗೆಲುವಿನ ಲೆಕ್ಕಕ್ಕೆ ಸೇರುತ್ತದೆ. ಉದ್ಯೋಗದಾತರು ಹಬ್ಬಕ್ಕೆ ಕೊಡುವ ಕಾರ್ಡುಗಳಿಗೆ 1962ರ ಆದಾಯ ತೆರಿಗೆ ನಿಯಮಾವಳಿಯ ಪ್ರಕಾರ ವರ್ಷಕ್ಕೆ ಒಟ್ಟು 5,000 ರೂ. ಒಳಗಿದ್ದರೆ ತೆರಿಗೆ ಇರಲಿಲ್ಲ. ಖರೀದಿಯ ಸಮಯದಲ್ಲೇ ಬೆಲೆಯಲ್ಲಿ ಬಿಡುವ ರಿಯಾಯಿತಿ ಆದಾಯವಲ್ಲ.

ಭಾರತೀಯ ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದಂತೆ, ಹಲವು ಕಡೆ ಬಳಸಬಹುದಾದ ಉಡುಗೊರೆ ಕಾರ್ಡಿನ ಗರಿಷ್ಠ ಮೌಲ್ಯ 10,000 ರೂ. ಅದಕ್ಕೆ ಮತ್ತೆ ಹಣ ತುಂಬುವಂತಿಲ್ಲ, ಅದರಿಂದ ನಗದು ತೆಗೆಯುವಂತಿಲ್ಲ. ಒಂದೇ ಅಂಗಡಿ ತನ್ನಲ್ಲಿ ಮಾತ್ರ ನಡೆಯುವಂತೆ ಕೊಡುವ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ.

ಕಾರ್ಡಿನ ಮಾರಾಟಕ್ಕೇ ಜಿಎಸ್‌ಟಿ ಹಾಕಬಹುದೇ ಎಂಬ ಪ್ರಶ್ನೆಗೆ ದೇಶದ ಮಟ್ಟಿಗೆ ಮುಖ್ಯವಾದ ಉತ್ತರ ಕರ್ನಾಟಕದಿಂದಲೇ ಬಂತು. ವೋಚರುಗಳನ್ನು ಸಗಟಾಗಿ ಕೊಂಡು ಕಂಪನಿಗಳಿಗೆ ಒದಗಿಸುತ್ತಿದ್ದ ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಸಂಸ್ಥೆಗೆ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರವು ಶೇ. 18ರ ತೆರಿಗೆ ಅನ್ವಯಿಸುತ್ತದೆ ಎಂದಿತ್ತು, ಮೇಲ್ಮನವಿ ಪ್ರಾಧಿಕಾರವೂ ತೆರಿಗೆಯನ್ನು ಒಪ್ಪಿತ್ತು. 2023ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ಆದೇಶಗಳನ್ನು ರದ್ದುಪಡಿಸಿತು. ವೋಚರಿಗೆ ಸ್ವಂತ ಮೌಲ್ಯವಿಲ್ಲ, ಅದು ಮುಂದೆ ಕೊಳ್ಳಲಿರುವ ಸರಕಿಗೆ ಹಣ ಕೊಡುವ ಸಾಧನ ಮಾತ್ರ ಎಂಬುದು ತೀರ್ಪಿನ ತಿರುಳು. ಸರಕು ಕೊಂಡಾಗ ಅದಕ್ಕೆ ಹೇಗೂ ಜಿಎಸ್‌ಟಿ ಬೀಳುವುದರಿಂದ ಕಾರ್ಡಿಗೂ ತೆರಿಗೆ ಹಾಕಿದರೆ ಒಂದೇ ವಸ್ತುವಿಗೆ ಎರಡು ಬಾರಿ ಹಾಕಿದಂತಾಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 55ನೇ ಸಭೆಯು ವೋಚರಿನ ವ್ಯವಹಾರ ಸರಕಿನ ಪೂರೈಕೆಯೂ ಅಲ್ಲ, ಸೇವೆಯ ಪೂರೈಕೆಯೂ ಅಲ್ಲ ಎಂಬ ನಿಲುವನ್ನೇ ತೆಗೆದುಕೊಂಡಿತು. ಬಳಸದೆ ಅವಧಿ ಮುಗಿದ ಕಾರ್ಡಿನ ಹಣಕ್ಕೂ ಜಿಎಸ್‌ಟಿ ಇಲ್ಲವೆಂದು ಆಗ ಸ್ಪಷ್ಟವಾಯಿತು. ಈ ಹಣ ಕೊಟ್ಟ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ಗ್ರಾಹಕರ ದೃಷ್ಟಿಯಿಂದ ಬಾಕಿಯಿರುವ ಪ್ರಶ್ನೆ ಇದು.

ಲಾಟರಿ ನಿಷೇಧ ಮತ್ತು ಕಂತಿನ ಲಕ್ಕಿ ಡ್ರಾ

ಕರ್ನಾಟಕದಲ್ಲಿ ಕಾಗದದ ಮತ್ತು ಆನ್‌ಲೈನ್ ಲಾಟರಿಗಳನ್ನು 2007ರಲ್ಲಿ ನಿಷೇಧಿಸಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ಕುಮಾರಸ್ವಾಮಿ. ನಿಷೇಧಕ್ಕೆ ಮುಂಚೆ ರಾಜ್ಯವು ಬೇರೆ ರಾಜ್ಯಗಳ ಲಾಟರಿಗಳಿಗೆ 2004ರ ಅಧಿನಿಯಮದ ಮೂಲಕ ತೆರಿಗೆ ವಿಧಿಸಿತ್ತು. ಆ ಅಧಿಕಾರ ರಾಜ್ಯಕ್ಕಿದೆ ಎಂದು ಸರ್ವೋಚ್ಚ ನ್ಯಾಯಾಲಯ ಅಂತಿಮವಾಗಿ ಹೇಳಿದ್ದು 2022ರ ಮಾರ್ಚ್‌ನಲ್ಲಿ, ಲಾಟರಿ ನಿಂತು ಹದಿನೈದು ವರ್ಷಗಳ ನಂತರ.

ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದ್ದು, ಅಲ್ಲಿಗೆ ಹೋದ ಕನ್ನಡಿಗರು ಟಿಕೆಟ್ ಕೊಳ್ಳುವುದು ಸಾಮಾನ್ಯ. 2024ರ ತಿರುವೋಣಂ ಬಂಪರಿನ 25 ಕೋಟಿ ರೂ. ಬಹುಮಾನ ಹಾಸನಕ್ಕೆ ಹೊಂದಿದ ಮಂಡ್ಯ ಜಿಲ್ಲೆಯವರೊಬ್ಬರ ಪಾಲಾಯಿತು. ಅಂತಹ ಮೊತ್ತದಲ್ಲಿ ಏಜೆಂಟರ ಶೇ. 10ರ ಕಮಿಷನ್ ಹೋಗಿ 22.5 ಕೋಟಿ, ಅದರಲ್ಲಿ ಶೇ. 30ರ ಕಡಿತವಾಗಿ 15.75 ಕೋಟಿ ಉಳಿಯುತ್ತದೆ. ಸರ್ಚಾರ್ಜ್ ಮತ್ತು ಉಪಕರ ಇದರ ಮೇಲೆ ಬರುತ್ತವೆ.

ಲಾಟರಿ ಹೋದರೂ ಅದರ ನೆರಳಿನಂತಹ ಯೋಜನೆಗಳು ಸಣ್ಣ ಪಟ್ಟಣಗಳಲ್ಲಿ ಉಳಿದಿವೆ. ನೂರಾರು ಸದಸ್ಯರು ತಿಂಗಳಿಗೆ ಇಂತಿಷ್ಟು ಕಂತು ಕಟ್ಟುತ್ತಾರೆ, ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬರಿಗೆ ಬೈಕು ಅಥವಾ ಚಿನ್ನ ಕೊಡಲಾಗುತ್ತದೆ, ಗೆದ್ದವರು ಮುಂದಿನ ಕಂತು ಕಟ್ಟಬೇಕಿಲ್ಲ. ಇಂತಹ ಬಹುಮಾನದ ಚೀಟಿಗಳನ್ನು 1978ರ ಕೇಂದ್ರ ಅಧಿನಿಯಮ ನಿಷೇಧಿಸಿದೆ. ನೋಂದಾಯಿತ ಚಿಟ್ ಫಂಡ್ ಬೇರೆ, ಅಲ್ಲಿ ಚೀಟಿ ಎತ್ತಿದವರೂ ಕೊನೆಯವರೆಗೆ ಕಂತು ಕಟ್ಟುತ್ತಾರೆ. ರಾಜ್ಯದ ಅನುಮತಿಯಿಲ್ಲದೆ ಲಾಟರಿ ಕಚೇರಿ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಡಿ ಅಪರಾಧ.

ಮಾರಾಟ ಹೆಚ್ಚಿಸಲು ನಡೆಸುವ ಡ್ರಾಗಳಲ್ಲಿ ಬಹುಮಾನ ಕೊಡುವ ಉದ್ದೇಶವಿಲ್ಲದೆ ಪ್ರಕಟಣೆ ಮಾಡುವುದನ್ನೂ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಇದರ ವಿರುದ್ಧ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.

ನ್ಯಾಯಯುತತೆಯ ಚರ್ಚೆ

ಏಕರೂಪ ದರವನ್ನು ಸಮರ್ಥಿಸುವವರು ಎರಡು ಕಾರಣ ಕೊಡುತ್ತಾರೆ: ಶ್ರಮವಿಲ್ಲದೆ ಬಂದ ಹಣಕ್ಕೆ ದುಡಿಮೆಯ ಹಣಕ್ಕಿರುವ ರಿಯಾಯಿತಿ ಬೇಕಿಲ್ಲ, ಮತ್ತು ಜೂಜನ್ನು ತೆರಿಗೆಯಿಂದಲಾದರೂ ನಿರುತ್ಸಾಹಗೊಳಿಸಬೇಕು. ಕೊಡುವ ಹಂತದಲ್ಲೇ ತೆರಿಗೆ ವಸೂಲಾಗುವುದು ಆಡಳಿತಕ್ಕೆ ಸುಲಭ ಎಂಬುದೂ ನಿಜ.

ಆಕ್ಷೇಪ ಇರುವುದು ತೆರಿಗೆದಾರರ ಶಕ್ತಿಯನ್ನು ಗಮನಿಸದಿರುವುದರ ಬಗ್ಗೆ. 2025-26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಕಾರಣ ತೆರಿಗೆ ಬೀಳುವುದಿಲ್ಲ. ವಿಶೇಷ ದರದ ಆದಾಯಕ್ಕೆ ಆ ರಿಯಾಯಿತಿ ಸಿಗದು. ಹಾಸನದ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗು ಬೆಳೆದು ಬದುಕುವ ಸಣ್ಣ ರೈತರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಅವರಲ್ಲೊಬ್ಬರಿಗೆ ಒಂದು ಲಕ್ಷದ ಬಹುಮಾನ ಬಂದರೆ ಹೊಸ ಪದ್ಧತಿಯಲ್ಲಿ 31,200 ರೂ. ತೆರಿಗೆ, ತಿಂಗಳಿಗೆ ಲಕ್ಷ ರೂಪಾಯಿ ಸಂಬಳ ಪಡೆಯುವವರಿಗೆ ಸಂಬಳದ ಮೇಲೆ ಸೊನ್ನೆ. ಬೆಳೆ ನಷ್ಟವಾದ ವರ್ಷವಾದರೂ ಬಹುಮಾನದ ತೆರಿಗೆಯಲ್ಲಿ ಅದನ್ನು ಸರಿದೂಗಿಸುವಂತಿಲ್ಲ.

ಉಡುಗೊರೆಯೊಂದಿಗಿನ ಹೋಲಿಕೆ ಇನ್ನೂ ತೀಕ್ಷ್ಣವಾದುದು. 1958ರ ಉಡುಗೊರೆ ತೆರಿಗೆ 1998ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಈಗ ಬಂಧುಗಳು ಕೊಟ್ಟದ್ದಕ್ಕೂ ಮದುವೆಯಲ್ಲಿ ಬಂದದ್ದಕ್ಕೂ ತೆರಿಗೆಯಿಲ್ಲ. ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂ. ಮೀರಿದ ಹಣ ಅಥವಾ ಭೂಮಿ, ಒಡವೆ, ಷೇರಿನಂತಹ ಪಟ್ಟಿ ಮಾಡಿದ ಆಸ್ತಿ ಬಂದರೆ ಮಾತ್ರ ತೆರಿಗೆ. ಆ ಪಟ್ಟಿಯಲ್ಲಿ ವಾಹನವಿಲ್ಲ. ಹೀಗಾಗಿ ಶ್ರೀಮಂತ ಸ್ನೇಹಿತರಿಂದ ಕಾರನ್ನೇ ಉಡುಗೊರೆ ಪಡೆದವರು ಈ ನಿಯಮದಡಿ ಏನೂ ಕಟ್ಟಬೇಕಿಲ್ಲ, ಕೂಪನ್ನಿನಲ್ಲಿ ಬೈಕು ಗೆದ್ದವರು ಬೆಲೆಯ ಮೂರನೇ ಒಂದು ಭಾಗದಷ್ಟು ಕಟ್ಟಬೇಕು.

ಖರ್ಚು ಕಳೆಯಲು ಬಿಡದ ನಿಯಮವೂ ಎಲ್ಲರಿಗೂ ಒಂದೇ ಆಗಿ ಉಳಿಯಲಿಲ್ಲ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟಗಳಿಗೆ 194ಬಿಎ ಕಲಂ ತಂದು, ಹಾಕಿದ ಹಣ ಕಳೆದ ನಿವ್ವಳ ಗೆಲುವಿಗೆ ಮಾತ್ರ ತೆರಿಗೆ ಎಂದು ಮಾಡಲಾಯಿತು. ಲಾಟರಿ ಟಿಕೆಟ್ ಕೊಂಡವರಿಗೆ ಈ ಅನುಕೂಲ ಬರಲಿಲ್ಲ. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿತು.

ತೆರಿಗೆಯ ಹೆಸರಿನ ವಂಚನೆ

ಬಹುಮಾನಕ್ಕೆ ತೆರಿಗೆ ಇದೆ ಎಂಬ ಅರ್ಧ ತಿಳಿವಳಿಕೆಯನ್ನೇ ವಂಚಕರು ಬಂಡವಾಳ ಮಾಡಿಕೊಂಡಿದ್ದಾರೆ. ಅಂಚೆಯಲ್ಲಿ ಹೆಸರಾಂತ ಕಂಪನಿಯ ಲಾಂಛನವಿರುವ ಸ್ಕ್ರ್ಯಾಚ್ ಕಾರ್ಡು ಬರುತ್ತದೆ, ಕೆರೆದರೆ ಕಾರು ಬಂದಿರುತ್ತದೆ, ಕರೆ ಮಾಡಿದರೆ ತೆರಿಗೆ ಮತ್ತು ನೋಂದಣಿ ಶುಲ್ಕವನ್ನು ಮೊದಲು ಖಾತೆಗೆ ಹಾಕಿ ಎನ್ನುತ್ತಾರೆ. ರಸಪ್ರಶ್ನೆ ಕಾರ್ಯಕ್ರಮದ ಹೆಸರಿನಲ್ಲಿ ವಾಟ್ಸ್ಆ್ಯಪ್ ಸಂದೇಶ ಕಳಿಸುವುದು ಇದರ ಇನ್ನೊಂದು ರೂಪ. ನಗದು ಬಹುಮಾನದಲ್ಲಿ ತೆರಿಗೆಯನ್ನು ಬಹುಮಾನದಿಂದಲೇ ಹಿಡಿದುಕೊಳ್ಳಲಾಗುತ್ತದೆ, ಗೆದ್ದವರು ಮುಂಗಡ ಕೊಡುವ ಪ್ರಶ್ನೆ ಬರುವುದಿಲ್ಲ. ವಸ್ತು ರೂಪದ ಬಹುಮಾನದಲ್ಲಿ ಮೊದಲೇ ಕಟ್ಟಬೇಕಾಗಿ ಬಂದರೂ ಹಣ ಸೇರುವುದು ಗೆದ್ದವರ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರದ ಖಾತೆಗೆ, ಯಾವ ವ್ಯಕ್ತಿಯ ಬ್ಯಾಂಕ್ ಖಾತೆಗೂ ಅಲ್ಲ. ಕಡಿತವಾದ ಅಥವಾ ಕಟ್ಟಿದ ತೆರಿಗೆ 26ಎಎಸ್ ನಮೂನೆಯಲ್ಲಿ ಕಾಣಿಸಬೇಕು, ನಗದಿನಿಂದ ಕಡಿತ ಮಾಡಿದವರು 16ಎ ಪ್ರಮಾಣಪತ್ರ ಕೊಡಬೇಕು. ಹಣ ಕಳೆದುಕೊಂಡವರು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಬೇಗ ತಿಳಿಸಿದಷ್ಟೂ ವರ್ಗಾವಣೆಯಾದ ಮೊತ್ತವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.